ಗೂಳೂರು ಸೀಮೆಯ ಮಣ್ಣಿನ ಮಹಿಮೆ

ತುಮಕೂರಿನಿಂದ ಕುಣಿಗಲಿಗೆ ಹೋಗುವ ಮಾರ್ಗದಲ್ಲಿರುವ ಗೂಳೂರು, ನೋಟಕ್ಕೆ ಸಾಮಾನ್ಯವಾದ ಒಕ್ಕಲಿಗರ ಊರು. ರಾಗಿಯ ಹೊಲ, ತೆಂಗು ಅಡಕೆಗಳ ತೋಟ, ಊರಿನ ಕೆರೆ, ಇವೇ ಅದರ ಐಶ್ವರ್ಯ. ಆದರೆ ಈ ಸೀಮೆಯ ಪೂರ್ವವೃತ್ತಾಂತವನ್ನು ವಿಚಾರಿಸಿದವರಿಗೆ, ಇಲ್ಲಿಯ ದೇವಕಾರ್ಯಗಳು ಮಣ್ಣು ನೀರುಗಳನ್ನೇ ಆಶ್ರಯಿಸಿ ನಿಂತಿರುವುದು ವಿಶದವಾಗುವುದು.

ಸಮೀಪದ ಕೈದಾಳದ ಚೆನ್ನಕೇಶವಾಲಯವನ್ನು ಜನರು ಜಕಣಾಚಾರಿಯ ಹೆಸರಿನಿಂದ ಬಲ್ಲರು. ಬೇಲೂರಿನಲ್ಲಿ ತಾನೇ ಕಡಿದುಕೊಂಡ ಕೈಯನ್ನು ಶಿಲ್ಪಿಯು ಇಲ್ಲಿ ಮರಳಿ ಪಡೆದನೆಂಬುದು ಐತಿಹ್ಯ. 1151ರ ಸುಮಾರಿನ ಶಾಸನವಾದರೋ, ಹೊಯ್ಸಳ ಒಂದನೆಯ ನರಸಿಂಹನ ಸಾಮಂತನೂ ಮರುಗರೆನಾಡಿನ ಒಡೆಯನೂ ಆದ ಗೂಳಿ ಬಾಚಿಯನ್ನು ಕೀರ್ತಿಸುತ್ತದೆ. ಆತನು ಶಿವಾಲಯ, ವಿಷ್ಣ್ವಾಲಯ, ಜಿನಾಲಯಗಳನ್ನು ಭೇದವೆಣಿಸದೆ ಕಟ್ಟಿಸಿದನು. ಪತ್ನಿಯ ಹೆಸರಿನಲ್ಲಿ ಭೀಮಸಮುದ್ರವೆಂಬ ಕೆರೆಯನ್ನೂ ಕಟ್ಟಿಸಿದನು. ನೀರಿಲ್ಲದೆ ಬೆಳೆಯಿಲ್ಲ, ಬೆಳೆಯಿಲ್ಲದೆ ನೈವೇದ್ಯವಿಲ್ಲವೆಂಬುದನ್ನು ಆತನು ಅರಿತಿದ್ದನು.

ಗೂಳೂರಿನ ಮಹಾಗಣಪತಿಯ ಪದ್ಧತಿಯು ಇದನ್ನೇ ಇನ್ನೂ ಸ್ಪಷ್ಟಪಡಿಸುತ್ತದೆ. ಭೃಗುಮಹರ್ಷಿಗಳು ಇದನ್ನು ಆರಂಭಿಸಿದರೆಂದು ಸ್ಥಳಪುರಾಣ. ಬೇರೆಡೆ ಚೌತಿಯ ದಿನ ಗಣಪತಿಯ ಪೂಜೆ ನಡೆದರೆ, ಇಲ್ಲಿ ಅಂದು ಮೂರ್ತಿಯ ಕೆಲಸಕ್ಕೆ ಮೊದಲು. ಕೆರೆಯ ಮಣ್ಣಿನಿಂದ ಬೃಹನ್ಮೂರ್ತಿಯು ಮೆಲ್ಲಮೆಲ್ಲನೆ ರೂಪುಗೊಂಡು ಬಲಿಪಾಡ್ಯಮಿಗೆ ಸಿದ್ಧವಾಗುತ್ತದೆ. ಕಾರ್ತಿಕಮಾಸವೆಲ್ಲ ಪೂಜೆಗೊಂಡ ಬಳಿಕ ಮೂರ್ತಿಯನ್ನು ಗೂಳೂರು ಕೆರೆಯಲ್ಲಿ ವಿಸರ್ಜಿಸುವರು. ಹದಿನೆಂಟು ಕೋಮಿನವರೂ ಈ ಸೇವೆಯಲ್ಲಿ ಭಾಗಿಗಳು. ಕೆರೆಯಿಂದ ಪಡೆದುದು ಕೆರೆಗೇ ಸಲ್ಲುತ್ತದೆ.

ಇದೇ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿ ಕುಣಿಗಲು ಸೀಮೆಯ ಕಗ್ಗೆರೆಯನ್ನು ಸೇರಿದರೆ, ಅಲ್ಲಿಯೂ ಮಣ್ಣಿನ ಮಹಿಮೆಯೇ. ತೋಂಟದ ಸಿದ್ಧಲಿಂಗೇಶ್ವರರು ಅಲ್ಲಿಯ ತೋಟದಲ್ಲಿ ತಪೋನಿರತರಾಗಿರಲು ಹುತ್ತವು ಬೆಳೆದು ಅವರನ್ನು ಮುಚ್ಚಿತೆಂದೂ, ಹಸುವೊಂದು ಹುತ್ತಕ್ಕೆ ಹಾಲು ಕರೆಯುತ್ತಿತ್ತೆಂದೂ ಪ್ರತೀತಿ. ಯೋಗಿವರ್ಯರ ತಪಸ್ಸಿಗೆ ಆಶ್ರಯವಾದದ್ದು ಅರಮನೆಯಲ್ಲ, ಒಕ್ಕಲುಮಗನ ತೋಟ.

ಈಗ ಹೇಮಾವತಿಯ ನೀರು ಕಾಲುವೆಗಳ ಮೂಲಕ ಈ ಜಿಲ್ಲೆಗೆ ಬರುತ್ತಿದೆ, ಕೊಳವೆಬಾವಿಗಳೂ ಹೆಚ್ಚಿವೆ. ಆದಕಾರಣ ಕೆರೆಯ ಹಂಗು ಹರಿಯಿತೆಂದು ಭಾವಿಸುವುದು ಅವಿವೇಕ. ಕೆರೆಯಲ್ಲಿ ನೀರು ನಿಂತರೆ ತಾನೆ ಬಾವಿಯ ಸೆಲೆ ಬತ್ತದಿರುವುದು? ಹಿಂದೆ ರೈತರು ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಸಾರ, ಕೆರೆಗೆ ಆಳ, ಎರಡೂ ಒಂದೇ ಕಾಯಕದಿಂದ ದೊರಕುತ್ತಿದ್ದವು. ಆ ಪದ್ಧತಿಯು ಕ್ಷೀಣಿಸಿದಲ್ಲಿ ಹೂಳು ತುಂಬಿ, ಏರಿಯ ಮೇಲೆ ಜಾಲಿ ಬೆಳೆಯುವುದು.

ಸದ್ಭಕ್ತರು ಮಠದ ದಾಸೋಹಕ್ಕೆ ರಾಗಿ, ತೆಂಗಿನಕಾಯಿಗಳನ್ನು ಭಕ್ತಿಯಿಂದ ತಂದೊಪ್ಪಿಸುವರು. ಆ ಧಾನ್ಯವನ್ನು ಬೆಳೆದ ಮಣ್ಣನ್ನೂ ನೀರನ್ನೂ ಕಾಯುವುದು ದಾಸೋಹದ ಮೊದಲ ಮೆಟ್ಟಲೆಂದು ತಿಳಿದು, ತಂತಮ್ಮ ಊರಿನ ಕೆರೆಯ ಸೇವೆಗೆ ಕೈಯಿಕ್ಕುವುದು ಶ್ರೇಯಸ್ಕರವು.