ಧಾರೆಹುಳಿ: ಆಯ್ಕೆ, ಸಂಗ್ರಹ, ಬಳಕೆ

ಧಾರೆಹುಳಿ ಆಗ್ನೇಯ ಏಷ್ಯ ಮೂಲದ ಒಂದು ಸಣ್ಣ ನಿತ್ಯಹಸಿರು ಮರದ ಹಣ್ಣು. ಸಸ್ಯಶಾಸ್ತ್ರದ ಹೆಸರು ಅವೆರೋವಾ ಕ್ಯಾರಂಬೋಲ, ಕುಟುಂಬ ಆಕ್ಸಾಲಿಡೇಸೀ. ಕಮರಾಕ್ಷಿ, ನಕ್ಷತ್ರ ಹಣ್ಣು ಎಂದೂ ಕರೆಯುತ್ತಾರೆ. ಕರಾವಳಿಯ ಹಿತ್ತಿಲುಗಳಲ್ಲಿ ಹುಳಿಗಾಗಿ ಬೆಳೆಸುವ ಬಿಂಬುಳಿ ಇದರ ಹತ್ತಿರದ ಸಂಬಂಧಿ. ಹಣ್ಣಿಗೆ ಸಾಮಾನ್ಯವಾಗಿ ಐದು ಏಣುಗಳಿರುತ್ತವೆ. ಅಡ್ಡಕ್ಕೆ ಕೊಯ್ದಾಗ ನಕ್ಷತ್ರದ ಆಕಾರ ಕಾಣುವುದು ಇವುಗಳಿಂದಲೇ.

ಮರಗಳಲ್ಲಿ ಸಿಹಿ ಮತ್ತು ಹುಳಿ ಎಂದು ಎರಡು ಬಗೆ. ಏಣುಗಳು ತೆಳ್ಳಗೆ, ನಡುವಿನ ಕಣಿವೆ ಆಳವಾಗಿದ್ದರೆ ಬಹುಪಾಲು ಹುಳಿ. ಏಣು ದಪ್ಪಗೆ ತಿರುಳಿನಿಂದ ತುಂಬಿದ್ದರೆ ಸಿಹಿ. ಹಾಗೆಯೇ ತಿನ್ನುವುದಕ್ಕಾದರೆ ಮೈಯೆಲ್ಲ ಹಳದಿಗೆ ತಿರುಗಿ, ಏಣಿನ ಅಂಚಿನಲ್ಲಿ ಮಾತ್ರ ತುಸು ಕಂದು ಬಣ್ಣ ಬಂದಿರುವ, ಒತ್ತಿದರೆ ಗಟ್ಟಿಯಾಗಿರುವ, ಪರಿಮಳವಿರುವ ಹಣ್ಣನ್ನು ಆರಿಸಬೇಕು. ಅಂಚಿನ ಕಂದು ಬಣ್ಣ ದೋಷವಲ್ಲ. ಮೈಮೇಲೆ ಮೆತ್ತಗಿನ ಕಲೆಗಳಿದ್ದರೆ, ತುದಿ ಬಾಡಿದ್ದರೆ ಬೇಡ. ಉಪ್ಪಿನಕಾಯಿಗೂ ಸಾರಿಗೂ ಹಸಿರು ಕಾಯಿಯೇ ಲೇಸು.

ಹಸಿರು ಕಾಯಿಯನ್ನು ತಂದು ಹಣ್ಣು ಮಾಡಿ ತಿನ್ನುತ್ತೇವೆ ಎಂಬ ಲೆಕ್ಕ ಇಲ್ಲಿ ಪೂರ್ತಿ ಫಲಿಸದು. ಮಾವು, ಬಾಳೆಯಂತೆ ಇದು ಕೊಯ್ದ ಮೇಲೆ ಸಿಹಿಯಾಗುವ ಹಣ್ಣಲ್ಲ. ಕೋಣೆಯ ಶಾಖದಲ್ಲಿ ಇಟ್ಟರೆ ಹಸಿರು ಹಳದಿಯಾಗುತ್ತದೆ, ಮೆತ್ತಗೂ ಆಗುತ್ತದೆ, ಆದರೆ ಸಕ್ಕರೆ ಹೆಚ್ಚುವುದಿಲ್ಲ. ಸಿಹಿ ಬೇಕಾದವರು ಮರದಲ್ಲೇ ಬಣ್ಣ ತಿರುಗಿದ್ದನ್ನು ಕೊಳ್ಳಬೇಕು.

ಬಣ್ಣ ಬಂದ ಹಣ್ಣು ಹೊರಗೆ ಎರಡು ಮೂರು ದಿನ, ಫ್ರಿಜ್ಜಿನಲ್ಲಿ ಸುಮಾರು ಒಂದು ವಾರ ಬಾಳುತ್ತದೆ. ಸಿಪ್ಪೆ ತೆಳುವಾದ್ದರಿಂದ ಏಣುಗಳು ಬೇಗ ನಲುಗುತ್ತವೆ. ಒಂದರ ಮೇಲೊಂದು ಹೇರಬಾರದು. ಅತಿಯಾದ ತಂಪಿಗೆ ಸಿಪ್ಪೆ ಕಂದಾಗುವುದೂ ಉಂಟು.

ಸಿಪ್ಪೆ ತೆಗೆಯಬೇಕಿಲ್ಲ. ಕಣಿವೆಗಳಲ್ಲಿ ಕೂತ ಮಣ್ಣು ಹೋಗುವಂತೆ ತೊಳೆದು, ಎರಡೂ ತುದಿ ಕತ್ತರಿಸಿ, ಏಣುಗಳ ಅಂಚನ್ನು ಕತ್ತಿಯಿಂದ ಹೆರೆದು, ಅಡ್ಡಕ್ಕೆ ಹೋಳು ಮಾಡಿ ಬೀಜ ತೆಗೆದರಾಯಿತು. ಕರಾವಳಿಯಲ್ಲಿ ಕಾಯನ್ನು ಉಪ್ಪಿನಕಾಯಿ, ಗೊಜ್ಜು, ಚಟ್ನಿಗೆ ಬಳಸುತ್ತಾರೆ. ಮೀನಿನ ಸಾರಿಗೆ ಹುಣಸೆಯ ಬದಲು ಹಾಕುವುದೂ ಇದೆ. ಹಣ್ಣಿನಿಂದ ಶರಬತ್ತು, ಜಾಮ್ ಆಗುತ್ತವೆ. ಆಕ್ಸಾಲಿಕ್ ಆಮ್ಲ ಹೇರಳವಾಗಿರುವುದರಿಂದ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಬೇಯಿಸಬಾರದು. ಹಿತ್ತಾಳೆಯನ್ನು ಬೆಳಗಲು ಇದರ ರಸ ಒದಗುವುದೂ ಈ ಆಮ್ಲದಿಂದಲೇ.

ಮೂತ್ರಪಿಂಡದ ಕಾಯಿಲೆ ಇರುವವರು ಈ ಹಣ್ಣನ್ನು ಮುಟ್ಟಲೇಬಾರದು. ಇದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷವನ್ನು ಬ್ರೆಜಿಲ್‌ನ ವಿಜ್ಞಾನಿಗಳು ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಆರೋಗ್ಯವಂತರ ದೇಹ ಅದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಮಿದುಳನ್ನು ತಾಕುತ್ತದೆ. ನಿಲ್ಲದ ಬಿಕ್ಕಳಿಕೆ, ವಾಂತಿ, ಮನಸ್ಸಿನ ಗೊಂದಲ, ಫಿಟ್ಸ್ ಕಾಣಿಸಿಕೊಂಡು ಸಾವು ಸಂಭವಿಸಿದ ಪ್ರಕರಣಗಳೂ ದಾಖಲಾಗಿವೆ. ಅರ್ಧ ಹಣ್ಣಿನಿಂದಲೂ ತೊಂದರೆಯಾದದ್ದುಂಟು. ಬೇಗ ಡಯಾಲಿಸಿಸ್ ಮಾಡುವುದು ಮುಖ್ಯ ಚಿಕಿತ್ಸೆ. ಆರೋಗ್ಯವಂತರೂ ಖಾಲಿ ಹೊಟ್ಟೆಯಲ್ಲಿ ಹುಳಿ ಜಾತಿಯ ರಸವನ್ನು ಲೋಟಗಟ್ಟಲೆ ಕುಡಿದರೆ ಆಕ್ಸಲೇಟ್ ಹರಳುಗಳು ಕಟ್ಟಿ ಮೂತ್ರಪಿಂಡ ಕೆಡಬಹುದು.