ಭಾರ ಹೆಗಲಿಗೆ ಬಂದ ಬಗೆ

ಕಾಲಿನ ಬಲಕ್ಕಾಗಿ ಕುಳಿತೇಳುವ ಸಾಧನೆ ಕನ್ನಡ ನಾಡಿನ ಗರಡಿ ಮನೆಗಳಿಗೆ ಹೊಸದಲ್ಲ. ಮಟ್ಟಿಗೆ ಇಳಿಯುವ ಪೈಲ್ವಾನರು ದಂಡ ಮತ್ತು ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ ಹೊಡೆದು ತೊಡೆ, ಸೊಂಟ, ಉಸಿರು ಮೂರನ್ನೂ ಒಟ್ಟಿಗೆ ಹುರಿಗೊಳಿಸುತ್ತಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವೆಂಬ 12ನೇ ಶತಮಾನದ ಗ್ರಂಥವು ಮಲ್ಲರ ಶಿಕ್ಷಣವನ್ನು ವಿವರಿಸುವಾಗ ಭಾರ ಹೊರುವ ಅಭ್ಯಾಸವನ್ನು ‘ಭಾರಶ್ರಮ’ವೆಂದು ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಆದರೂ ಬಸ್ಕಿಯಲ್ಲಿ ದಿನದಿಂದ ದಿನಕ್ಕೆ ಏರುವುದು ಎಣಿಕೆಯೇ ಹೊರತು ತೂಕವಲ್ಲ. ತನ್ನ ಮೈತೂಕದ ಎರಡು ಮೂರು ಪಟ್ಟನ್ನು ಹೆಗಲ ಮೇಲಿಟ್ಟುಕೊಂಡು ತೊಡೆ ನೆಲಕ್ಕೆ ಸಮಾನಾಂತರವಾಗುವುದಕ್ಕಿಂತಲೂ ಕೆಳಕ್ಕೆ ಕುಳಿತು ಏಳುವ ಬಾರ್ಬೆಲ್ ಸ್ಕ್ವಾಟ್ ರೂಢಿಗೆ ಬಂದು ಸುಮಾರು ನೂರು ವರ್ಷಗಳಷ್ಟೇ ಆಗಿವೆ. ಅದು ಇಷ್ಟು ತಡವಾಗಿ ಬಂದುದಕ್ಕೆ ಕಾರಣ ಮನುಷ್ಯರ ಕಾಲಿನಲ್ಲಿ ಬಲವಿರಲಿಲ್ಲವೆಂಬುದಲ್ಲ, ಅಷ್ಟು ಭಾರವನ್ನು ಹೆಗಲಿಗೇರಿಸಿ ಮತ್ತೆ ಕ್ಷೇಮವಾಗಿ ಇಳಿಸುವ ಉಪಾಯ ಯಾರಿಗೂ ಒಲಿದಿರಲಿಲ್ಲವೆಂಬುದು.

20ನೇ ಶತಮಾನದ ಆರಂಭದ ಯುರೋಪಿನಲ್ಲಿ ಮಂಡಿ ಬಾಗಿಸುವ ವ್ಯಾಯಾಮವನ್ನು ಹಿಮ್ಮಡಿಗಳನ್ನು ಎತ್ತಿ, ಮುಂಗಾಲಿನ ಮೇಲೆ ತೂಗಿಕೊಂಡು, ಹಗುರವಾದ ಭಾರದೊಂದಿಗೆ ಮಾಡುವುದು ವಾಡಿಕೆಯಾಗಿತ್ತು. ಬಾರ್ಬೆಲನ್ನು ಬೆನ್ನ ಹಿಂದೆ ಕೈಗಳಲ್ಲಿ ಹಿಡಿದು ಕುಳಿತೇಳುವ ಬಗೆಯೊಂದು ಕುಸ್ತಿಪಟು ಜಾರ್ಜ್ ಹ್ಯಾಕೆನ್‌ಶ್ಮಿಟ್‌ನ ಹೆಸರಿನೊಂದಿಗೆ ತಳುಕು ಹಾಕಿಕೊಂಡಿದೆ. ಇನ್ನು ಬಾರ್ಬೆಲನ್ನು ಹೆಗಲಿಗೆ ತರಬೇಕೆಂದರೆ ನೆಲದಿಂದ ಎದೆಗೆ, ಎದೆಯಿಂದ ತಲೆಯ ಮೇಲಕ್ಕೆ ಎತ್ತಿ, ಬಳಿಕ ಬೆನ್ನಿಗೆ ಇಳಿಸಿಕೊಳ್ಳಬೇಕಾಗಿದ್ದುದರಿಂದ, ತೋಳು ಎಷ್ಟನ್ನು ಎತ್ತಬಲ್ಲದೋ ಅಷ್ಟೇ ಕಾಲಿನ ಪಾಲಿಗೂ ದಕ್ಕುತ್ತಿತ್ತು. ದೇಹದ ಅತ್ಯಂತ ಬಲಿಷ್ಠ ಸ್ನಾಯುಗಳು ಹೀಗೆ ದುರ್ಬಲವಾದವುಗಳ ಮಿತಿಯೊಳಗೇ ಉಳಿದವು.

ಈ ಕಟ್ಟನ್ನು ಮುರಿದವನೆಂದು ಹೇಳಬಹುದಾದವನು 1921ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಭಾರಎತ್ತುಗಾರ ಹೆನ್ರಿ ಸ್ಟೈನ್‌ಬೋರ್ನ್. ನೆಲದ ಮೇಲೆ ಮಲಗಿರುವ ಬಾರ್ಬೆಲಿನ ಒಂದು ತುದಿಯನ್ನು ಎತ್ತಿ ಸರಳನ್ನು ನೆಟ್ಟಗೆ ನಿಲ್ಲಿಸಿ, ಅದರ ಮಗ್ಗುಲಲ್ಲಿ ಪೂರ್ತಿಯಾಗಿ ಕುಕ್ಕರಿಸಿ, ಸರಳು ಕತ್ತಿನ ಹಿಂದೆ ಅಡ್ಡಲಾಗಿ ಬೀಳುವಂತೆ ತನ್ನ ಕಡೆಗೆ ವಾಲಿಸಿಕೊಂಡು, ಎರಡೂ ಬದಿ ಸಮತೂಕಕ್ಕೆ ಬರುವವರೆಗೆ ತಡೆದು, ಆಮೇಲೆ ಪಾದವನ್ನು ಪೂರ್ತಿ ನೆಲಕ್ಕೂರಿ ಆತ ಮೇಲೇಳುತ್ತಿದ್ದ. ಇಳಿಸುವಾಗಲೂ ಇದೇ ಕ್ರಮ ಹಿಂದುಮುಂದಾಗಿ ನಡೆಯುತ್ತಿತ್ತು. ಯಾರ ನೆರವೂ ಇಲ್ಲದೆ ಹೀಗೆ 500 ಪೌಂಡಿಗೂ, ಎಂದರೆ ಸುಮಾರು 227 ಕಿಲೋಗ್ರಾಮಿಗೂ ಮೀರಿದ ಭಾರವನ್ನು ಹೊತ್ತೆದ್ದ ಸ್ಟೈನ್‌ಬೋರ್ನ್‌ನ ಪ್ರದರ್ಶನಗಳು ಅಮೆರಿಕದ ವ್ಯಾಯಾಮಪಟುಗಳ ಕಣ್ಣು ತೆರೆಸಿದವು. ಭಾರ ವಾಲುವ ಆ ಕ್ಷಣದಲ್ಲಿ ಬೆನ್ನುಮೂಳೆ ಒಂದು ಬದಿಗೆ ಬಾಗಿ ಅಪಾಯಕ್ಕೆ ಒಡ್ಡಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅನುಸರಿಸಬಹುದಾದ ವಿಧಾನ ಅದಾಗಿರಲಿಲ್ಲ. ಆದರೆ ಕಾಲಿಗೆ ತೋಳಿನ ಹಂಗಿಲ್ಲವೆಂಬುದನ್ನು ಅದು ಕಣ್ಣೆದುರೇ ತೋರಿಸಿಕೊಟ್ಟಿತು.

1930ರ ದಶಕದಲ್ಲಿ ಭಾರವನ್ನು ಹೆಗಲೆತ್ತರದಲ್ಲಿ ಇಟ್ಟುಕೊಳ್ಳುವ ಸ್ಟ್ಯಾಂಡುಗಳು ಬಳಕೆಗೆ ಬಂದ ಮೇಲೆ ಸ್ಕ್ವಾಟ್ ಸಾಹಸದ ಪ್ರದರ್ಶನವಾಗಿ ಉಳಿಯದೆ ದೇಹ ಬೆಳೆಸುವ ಸಾಧನವಾಯಿತು. ಇದನ್ನು ಪತ್ರಿಕೆಗಳ ಮೂಲಕ ಪ್ರಚಾರ ಮಾಡಿದವರಲ್ಲಿ ಮಾರ್ಕ್ ಬೆರ್ರಿ ಮುಖ್ಯನಾದವನು. ಅವನ ಬರಹಗಳನ್ನು ಓದಿ ಅಭ್ಯಾಸಕ್ಕಿಳಿದ ಜೋಸೆಫ್ ಕರ್ಟಿಸ್ ಹೈಸ್ 1932ರಲ್ಲಿ ಒಂದೇ ತಿಂಗಳಲ್ಲಿ 29 ಪೌಂಡು ತೂಕ ಗಳಿಸಿದನೆಂಬ ವರದಿ ಆ ವಲಯದಲ್ಲಿ ಸಂಚಲನವನ್ನೇ ಉಂಟುಮಾಡಿತು. ಒಂದು ಕುಳಿತೇಳಿಕೆಗೂ ಮುಂದಿನದಕ್ಕೂ ನಡುವೆ ಭಾರವನ್ನು ಹೊತ್ತೇ ನಿಂತು ಎದೆ ತುಂಬ ಉಸಿರೆಳೆಯುತ್ತ, ಇಳಿಸದೆ 20 ಸಲ ಪೂರೈಸುವ ಈ ಪದ್ಧತಿಯನ್ನು, 1936ರಲ್ಲಿ ನೆಬ್ರಾಸ್ಕಾ ರಾಜ್ಯದ ಅಲಯನ್ಸ್ ಎಂಬ ಪಟ್ಟಣದಿಂದ ‘ಐರನ್ ಮ್ಯಾನ್’ ಪತ್ರಿಕೆಯನ್ನು ಆರಂಭಿಸಿದ ಪಿಯರಿ ರೇಡರ್ ದಶಕಗಳ ಕಾಲ ಬೋಧಿಸಿದ. ದೀರ್ಘ ಉಸಿರಿನಿಂದ ಪಕ್ಕೆಲುಬಿನ ಗೂಡೇ ಹಿಗ್ಗುತ್ತದೆಯೆಂಬ ಅವರ ನಂಬಿಕೆಗೆ ಗಟ್ಟಿಯಾದ ಆಧಾರ ದೊರೆತಿಲ್ಲ. ಆದರೆ ಭಾರವಾದ ಸ್ಕ್ವಾಟ್, ಹೊಟ್ಟೆ ತುಂಬ ಆಹಾರ ಮತ್ತು ಸಾಕಷ್ಟು ವಿಶ್ರಾಂತಿ ಒಂದಾದರೆ ಬಡಕಲು ದೇಹವೂ ತುಂಬಿಕೊಳ್ಳುತ್ತದೆಯೆಂದು ಅವರು ಅನುಭವದಿಂದ ಕಂಡುಕೊಂಡದ್ದು ಸರಿಯಾಗಿಯೇ ಇತ್ತು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಾರ್ಜಿಯಾ ರಾಜ್ಯದ ಪಾಲ್ ಆಂಡರ್ಸನ್ ಸ್ಟ್ಯಾಂಡಿನ ಬದಲು ನೆಲವನ್ನೇ ಅಗೆದ. ಗುಂಡಿಯ ಮೇಲೆ ಅಡ್ಡಲಾಗಿಟ್ಟ ಭಾರಕ್ಕೆ ಒಳಗಿನಿಂದ ಹೆಗಲು ಕೊಟ್ಟು ಮೊದಲು ಕೆಲವೇ ಅಂಗುಲ ಎತ್ತುವುದು, ದಿನ ಕಳೆದಂತೆ ಗುಂಡಿಗೆ ಮಣ್ಣು ತುಂಬಿಸುತ್ತ ಹೋಗಿ ಅದೇ ಭಾರವನ್ನು ಇನ್ನಷ್ಟು ತಗ್ಗಿನಿಂದ ಏಳಿಸುವುದು ಆತನ ಕ್ರಮವಾಗಿತ್ತು. ಭಾರವನ್ನು ಬದಲಿಸದೆ ಆಳವನ್ನು ಬದಲಿಸುವ ಈ ಆಲೋಚನೆಯ ಸೊಗಸು ಇಂದಿಗೂ ಮಾಸಿಲ್ಲ.

ಆಳದ ಪ್ರಶ್ನೆಯೇ ಮುಂದೆ ವಿವಾದವಾಯಿತು. ಪೂರ್ತಿ ಕುಳಿತರೆ ಮಂಡಿಯ ಅಸ್ಥಿರಜ್ಜುಗಳು, ಅಂದರೆ ಮೂಳೆಗಳನ್ನು ಪರಸ್ಪರ ಬಿಗಿದಿಡುವ ಪಟ್ಟಿಗಳು, ಸಡಿಲವಾಗುತ್ತವೆಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಶಾಲಾ ತರಬೇತುದಾರರು ಬೆದರಿದರು. ನಂತರದ ಸಂಶೋಧನೆಗಳು ಆ ತೀರ್ಮಾನವನ್ನು ಸಮರ್ಥಿಸಲಿಲ್ಲವಾದರೂ ಭಯ ಮಾತ್ರ ಬಹುಕಾಲ ಉಳಿಯಿತು. ಇತ್ತ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರು ಎತ್ತುಗಳ ಸ್ಪರ್ಧೆಯಾದ ಪವರ್‌ಲಿಫ್ಟಿಂಗ್‌ಗೆ 1972ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡು, ಸೊಂಟದ ಕೀಲಿನ ಬಳಿ ತೊಡೆಯ ಮೇಲ್ಭಾಗವು ಮಂಡಿಯ ಮೇಲ್ತುದಿಗಿಂತ ಕೆಳಗಿಳಿಯಲೇಬೇಕೆಂಬ ನಿಯಮ ನೆಲೆಗೊಂಡಿತು. ಅಲ್ಲಿಂದ ತಂತ್ರವೂ ಕವಲೊಡೆಯಿತು. ಹೆಚ್ಚು ತೂಕವೇ ಗುರಿಯಾದ ಪವರ್‌ಲಿಫ್ಟರುಗಳಲ್ಲಿ ಹಲವರು ಸರಳನ್ನು ಭುಜದ ಹಿಂಭಾಗಕ್ಕೆ ತಗ್ಗಿಸಿ, ಮುಂದಕ್ಕೆ ವಾಲಿ, ಸೊಂಟಕ್ಕೂ ಬೆನ್ನಿಗೂ ಹೊರೆ ಹಂಚಿದರೆ, ತೊಡೆಯ ಮುಂಭಾಗವನ್ನು ಬೆಳೆಸಬಯಸುವ ದೇಹದಾರ್ಢ್ಯಪಟುಗಳು ಅದನ್ನು ಕತ್ತಿನ ಬುಡದಲ್ಲೇ ಇರಿಸಿ ಎದೆ ನೆಟ್ಟಗಿಟ್ಟು ಇಳಿಯುತ್ತಾರೆ.

ಭಾರವನ್ನು ಹೆಗಲಿಗೆ ತರುವ ಸಮಸ್ಯೆಗೆ ಕೊನೆಯ ಪರಿಹಾರವೆನ್ನಬಹುದಾದ ಮೊನೊಲಿಫ್ಟ್ ಎಂಬ ಯಂತ್ರದಲ್ಲಿ ಎತ್ತುವವನು ನಿಂತಲ್ಲೇ ನಿಂತಿರುತ್ತಾನೆ, ಸರಳನ್ನು ಹಿಡಿದ ಕೊಕ್ಕೆಗಳೇ ಆಚೆ ಸರಿಯುತ್ತವೆ. ಕೆಲವು ಸಂಘಟನೆಗಳು ಇದನ್ನು ಒಪ್ಪಿಕೊಂಡಿವೆ. ಅಂತರರಾಷ್ಟ್ರೀಯ ಒಕ್ಕೂಟ ಮಾತ್ರ ಸ್ಪರ್ಧಿಯು ಭಾರವನ್ನು ಹೊತ್ತು ತಾನೇ ಹಿಂದಕ್ಕೆ ಹೆಜ್ಜೆಯಿಟ್ಟು, ನಿಶ್ಚಲವಾಗಿ ನಿಂತು, ತೀರ್ಪುಗಾರರ ಸಂಜ್ಞೆ ದೊರೆತ ಮೇಲಷ್ಟೇ ಕುಳಿತುಕೊಳ್ಳಬೇಕೆಂದು ಇಂದಿಗೂ ವಿಧಿಸುತ್ತದೆ.