ಕಲ್ಲಿನ ಸಾಲು, ಕಡತದ ಸಾಲು

ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಸೀಮೆಯಲ್ಲಿ ಓಡಾಡಿದವರಿಗೆ ವೀರಗಲ್ಲು ಹೊಸದಲ್ಲ. ಕೆರೆ ಏರಿಯ ಮೇಲೆ, ಬೇವಿನ ಮರದ ಬುಡದಲ್ಲಿ, ಗುಡಿಯ ಗೋಡೆಗೆ ಒರಗಿಸಿದಂತೆ, ಅರ್ಧ ಮಣ್ಣಲ್ಲಿ ಹೂತು ಹೋಗಿ ಅದು ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಎಷ್ಟೋ ಕಡೆ ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಅಕ್ಷರ ಮುಚ್ಚಿಹೋಗಿದೆ. ಊರವರಿಗೆ ಅದೊಂದು ದೇವರು. ಅದನ್ನು ನೆಡಿಸಿದವರಿಗೆ ಮಾತ್ರ ಅದು ದೇವರಿಗಿಂತ ಮೊದಲು ದಾಖಲೆಯಾಗಿತ್ತು. ಇಂಥವನು, ಇಂಥ ಅರಸನ ಕಾಲದಲ್ಲಿ, ಇಂಥ ಕಾಳಗದಲ್ಲಿ ಬಿದ್ದ, ಅವನ ಮನೆಯವರಿಗೆ ಇಷ್ಟು ನೆಲ ಕೊಟ್ಟಿದೆ. ಇವತ್ತಿನ ಮಾತಿನಲ್ಲಿ ಹೇಳಿದರೆ ಅದೇ ಅವನ ಸರ್ವೀಸ್ ರೆಕಾರ್ಡು, ಅದೇ ಅವನ ಪದಕ.

ಕಲ್ಲನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಡೆ ಕಾಳಗ: ಬಿಲ್ಲು ಸೆಳೆದವನೋ, ಕತ್ತಿ ಗುರಾಣಿ ಹಿಡಿದವನೋ ವೀರ, ಎದುರಿಗೆ ಹಗೆಗಳು, ತುರುಗೋಳಿನಲ್ಲಿ, ಅಂದರೆ ದನ ಹಿಡಿಯುವ ಕಾಳಗದಲ್ಲಿ, ಸತ್ತವನಾದರೆ ಪಕ್ಕದಲ್ಲಿ ಒಂದೆರಡು ಹಸು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೈ ಮುಗಿದು ಕೂತಿರುತ್ತಾನೆ. ಈ ಅಂತಸ್ತುಗಳ ನಡುವಿನ ಪಟ್ಟಿಯಲ್ಲೇ ಬರಹ. ಅರಸನ ಹೆಸರಿನ ಜತೆಗೆ ಸಾಮಾನ್ಯ ಆಳಿನ ಹೆಸರೂ ಅದೇ ಕಲ್ಲಿನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಊರ ದನ ಹೊಡೆದುಕೊಂಡು ಹೋಗಲು ಬಂದವರನ್ನು ಅಡ್ಡಗಟ್ಟಿ ಸತ್ತವನಿಗೂ ಕಲ್ಲು ಸಿಕ್ಕಿದೆ, ಸಾವಿರ ಆಳಿನ ದಂಡು ನಡೆಸಿದವನಿಗೂ ಸಿಕ್ಕಿದೆ.

ಸತ್ತವನ ಮನೆಗೆ ಬಿಟ್ಟುಕೊಡುವ ನೆಲಕ್ಕೆ ನೆತ್ತರುಕೊಡಗೆ ಎನ್ನುತ್ತಿದ್ದರು. ಕತ್ತಿಗೆ ಸಂದ ಗೌರವವೆಂದು ಕೊಟ್ಟರೆ ಅದು ಬಾಳ್ಗಚ್ಚು. ಕಲ್ನಾಡು ಎಂಬ ಹೆಸರೂ ಇತ್ತು. ಕೊಟ್ಟದ್ದನ್ನು ಅಳಿಸಿದವನಿಗೆ ಪಾಪ ತಟ್ಟಲಿ ಎಂಬ ಶಾಪವನ್ನು ಕಡೆಯಲ್ಲಿ ಸೇರಿಸುತ್ತಿದ್ದರು. ದಾಖಲೆ ತಿದ್ದಿ ಕೆಡಿಸುವವರು ಆಗಲೂ ಇದ್ದರು ಎಂಬುದಕ್ಕೆ ಆ ಶಾಪವೇ ಸಾಕ್ಷಿ.

ಈ ಸೀಮೆ ಒಂದು ಕಾಲಕ್ಕೆ ನೊಳಂಬರದು. ಅವರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಗಡಿಯಾಚೆ ಆಂಧ್ರದ ಮಡಕಶಿರಾ ಕಡೆಗಿದೆ. ಕನ್ನಡ ಶಾಸನಗಳು ಅಲ್ಲಿಯೂ ಇವೆ. ಹೀಗಾಗಿ ಶಿರಾ, ಪಾವಗಡ ತಾಲ್ಲೂಕುಗಳ ಕಲ್ಲುಗಳಲ್ಲಿ ನೊಳಂಬ ಅರಸರ ಹೆಸರು ಬರುವುದು ಸಹಜ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ತುಮಕೂರು ಜಿಲ್ಲೆಗೇ ಮೀಸಲು. ಅದರಲ್ಲಿ ಮಧುಗಿರಿಗೆ ಇನ್ನೂ ಮದ್ದಗಿರಿ ಎಂದೇ ಹೆಸರು. ಹಳ್ಳಿಯವರು ಎಣ್ಣೆ ಹಚ್ಚುತ್ತಿದ್ದ ಕಲ್ಲುಗಳಲ್ಲಿ ಎಷ್ಟೋ ಹೆಸರು ಸಾವಿರ ವರ್ಷದ ಮೇಲೆ ಮತ್ತೆ ಓದಿಗೆ ಸಿಕ್ಕಿದ್ದು ಆ ಸಂಪುಟದಿಂದ. ಕಳೆದುಹೋಗಿದ್ದ ಸೈನಿಕರ ದಾಖಲೆಯನ್ನು ಸರಿಪಡಿಸುವ ಕೆಲಸ ಈ ನೆಲದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಬಹುಶಃ ಅದೇ ಮೊದಲು.

ನೊಳಂಬರ ಎದುರು ಹೋರಾಡಿ ಸತ್ತವನೊಬ್ಬನ ಕಲ್ಲು ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕಿತು. ಅದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂಬತ್ತನೇ ಶತಮಾನದ ಕೊನೆಯ ಹೊತ್ತಿನದು. ನಾಗತ್ತರ ಎಂಬ ನಾಯಕ ತುಂಬೆಪಾಡಿ ಎಂಬಲ್ಲಿ ಬೀರಮಹೇಂದ್ರನ ಮೇಲೆ ಕಾದಿ ಆನೆಗಳ ನಡುವೆ ಸತ್ತ. ಬೀರಮಹೇಂದ್ರನೆಂದರೆ ನೊಳಂಬ ದೊರೆ ಮಹೇಂದ್ರ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಸುದ್ದಿ ಕೇಳಿದ ಗಂಗರ ಎರೆಯಪ್ಪ ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿದ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಹಳ್ಳಿಗಳ ಹೆಸರನ್ನು ಒಂದೊಂದಾಗಿ ಕಲ್ಲಿನಲ್ಲಿ ಕೊರೆಸಲಾಗಿದೆ. ಯಾರು ಸತ್ತ, ಎಲ್ಲಿ ಸತ್ತ, ಯಾರ ವಿರುದ್ಧ, ಏನು ಕೊಟ್ಟರು, ಯಾರಿಗೆ ಸಂದಿತು, ಎಲ್ಲವೂ ಒಂದೇ ಹಾಳೆಯಲ್ಲಿ ಇದ್ದ ಹಾಗೆ ಒಂದೇ ಕಲ್ಲಿನಲ್ಲಿದೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು, ಇಲ್ಲಿ ಸ್ವಲ್ಪ ನಿಂತು ನೋಡಲೇಬೇಕಾದದ್ದು. ಕ್ರಿ.ಶ. 949-50ರ ಶಾಸನ. ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ ಆ ಕಾಳಗದಲ್ಲಿ ಮೆರೆದ. ಬೇಕಾದ್ದು ಕೇಳು ಎಂದು ಒಡೆಯ ಹೇಳಿದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಹಂದಿಯ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು ಪೂಜೆಗೆ ನೆಲ ಬಿಟ್ಟರು. ಪೂಜೆ ಮಾಡದೆ ಉಂಡರೆ ಪೂಜಾರಿ ಗೊರವನಿಗೆ ದೋಷ ಎಂದು ಬರೆಸಿದರು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟ ದೊರೆ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಹೆಸರೂ, ಬೂತುಗ ಮಣಲೆರನಿಗೆ ಬಾಳ್ಗಚ್ಚಾಗಿ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟ ವಿವರವೂ ಇದೆ.

ಈ ಕಲ್ಲಿಗೆ ಆಧುನಿಕ ಕಾಲದಲ್ಲಿ ಒಂದು ಅನ್ಯಾಯವಾಯಿತು. ಮೊದಮೊದಲು ಓದಿದವರು ಒಂದು ಸಾಲನ್ನು ತಪ್ಪಾಗಿ ಅರ್ಥಮಾಡಿದರು. ಬೂತುಗನು ರಾಜಾದಿತ್ಯನನ್ನು ಮೋಸದಿಂದ ಇರಿದ ಎಂದು ಬರೆದರು. ಇತಿಹಾಸದ ಪುಸ್ತಕಗಳು ಅದನ್ನೇ ನಂಬಿ ಅವನನ್ನು ವಂಚಕನ ಸಾಲಿಗೆ ಸೇರಿಸಿದವು. ಮುಂದೆ ಶಾಸನತಜ್ಞ ಜೆ.ಎಫ್. ಫ್ಲೀಟ್ ಆ ಶಾಸನವನ್ನು ಮತ್ತೆ ಪರಿಶೀಲಿಸಿದಾಗ ಸರಿಯಾದ ಅರ್ಥ ಹೊರಬಿತ್ತು: ಆನೆಯ ಮೇಲಿನ ಅಂಬಾರಿಯೇ ರಣರಂಗವಾಗಿ, ಬೂತುಗ ಸುರಗಿಯಿಂದ ಇರಿದು ಕೊಂದಿದ್ದ. ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಸತ್ತ ಎಂದು ಚೋಳರ ತಾಮ್ರಶಾಸನವೂ ಹೇಳುತ್ತದೆ. ಸೋತವರ ದಾಖಲೆಯೂ ಗೆದ್ದವರ ದಾಖಲೆಯೂ ಹೊಂದಿಕೊಂಡವು. ಸತ್ತು ಸಾವಿರ ವರ್ಷವಾದ ಯೋಧನ ಮೇಲಿನ ಕಳಂಕ ಹೋಯಿತು. ಮೂಲ ಕಲ್ಲು ಉಳಿದಿದ್ದರಿಂದ ಇದು ಆಯಿತು, ಇಲ್ಲದಿದ್ದರೆ ತಪ್ಪು ಓದೇ ಶಾಶ್ವತವಾಗಿ ಉಳಿಯುತ್ತಿತ್ತು.

ಕಾಲ ಸರಿದಂತೆ ದಾಖಲೆ ಊರು ಬಿಟ್ಟು ಕಚೇರಿ ಸೇರಿತು. ಮಧುಗಿರಿಯ ಪಾಳೆಯಗಾರರನ್ನು ಸೋಲಿಸಿದ ಮೈಸೂರಿನ ಚಿಕ್ಕದೇವರಾಜ ಒಡೆಯರ ಅಠಾರಾ ಕಚೇರಿಯಲ್ಲಿ, ಅಂದರೆ ಹದಿನೆಂಟು ಇಲಾಖೆಗಳ ಆಡಳಿತದಲ್ಲಿ, ಸೈನ್ಯದ ಇಲಾಖೆಗೆ ಕಂದಾಚಾರ ಎಂದು ಹೆಸರು. ಆಳುಗಳ ಲೆಕ್ಕ ಕಡತಕ್ಕೆ ಹೋಯಿತು. ಕಡತ ಬರೆಯುವವನಿಗೆ ಆಳಿನ ಮುಖ ಗೊತ್ತಿರಬೇಕಾದ ಅಗತ್ಯ ಇರಲಿಲ್ಲ.

ಈ ದೂರ ಎಷ್ಟು ದೊಡ್ಡದೆಂದು ಗೊತ್ತಾದದ್ದು ಮೊದಲ ಮಹಾಯುದ್ಧದಲ್ಲಿ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲೇ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಬಿದ್ದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಾಳಿಗೆ. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಕಡಿದಾದ ದಾರಿಯಲ್ಲಿ ಹತ್ತಿದ್ದು ಮೈಸೂರಿನ ಒಂದು ತುಕಡಿ. ತುದಿಯಲ್ಲಿ ನುಗ್ಗುವಾಗ ಉಳಿದಿದ್ದವರು 15 ಸವಾರರು. ಆ ದಿನ ಸೆರೆ ಸಿಕ್ಕವರು 1,350 ಮಂದಿ, ಕೈಗೆ ಬಂದ ಫಿರಂಗಿಗಳು 17. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳಲ್ಲಿ 60 ಸತ್ತವು.

ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, 1922ರಿಂದ ಅಲ್ಲಿದೆ. ಆ ವೃತ್ತಕ್ಕೆ ಹೈಫಾ ಹೆಸರು ಸೇರಿದ್ದು 2018ರಲ್ಲಿ. ಊರನ್ನು ಬಿಡಿಸಿದವರು ಬ್ರಿಟಿಷರಲ್ಲ, ಭಾರತೀಯ ಸೈನಿಕರು ಎಂದು ಶಾಲಾ ಪುಸ್ತಕಗಳನ್ನು ತಿದ್ದುತ್ತಿರುವುದಾಗಿ ಹೈಫಾದ ಮೇಯರ್ ಹೇಳಿದ್ದು 2025ರಲ್ಲಿ. ಒಂದು ವಾಕ್ಯ ಸರಿಯಾಗಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು.

ಅದೇ ಯುದ್ಧದಲ್ಲಿ ಕೊಟ್ಟ ಬ್ರಿಟಿಷ್ ವಾರ್ ಮೆಡಲ್ ಆಯುಧ ಹಿಡಿದವರಿಗೆ ಬೆಳ್ಳಿಯಲ್ಲಿ ಬಂತು. ಹೊರೆ ಹೊತ್ತ, ರಸ್ತೆ ಮಾಡಿದ ಕೂಲಿ ಪಡೆಗಳವರಿಗೆ ಬಂದದ್ದು ಕಂಚಿನದು. ಇಂಥವು ಸುಮಾರು 1,10,000. ಬಸ್ರಾದ ಸ್ಮಾರಕದಲ್ಲಂತೂ ಭಾರತದ ಅಧಿಕಾರಿಗಳ ಹೆಸರು ಬರೆದು, ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಹೆಸರಿನ ಮುಂದೆ ಬರೀ ಸಂಖ್ಯೆಯಾಗಿ ಇಟ್ಟರು. ಹೀಗೆ ಸಂಖ್ಯೆಯಾದವರು 33,000ಕ್ಕೂ ಹೆಚ್ಚು. ಈ ತಾರತಮ್ಯವನ್ನು ಸ್ಮಾರಕಗಳ ಹೊಣೆ ಹೊತ್ತ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ದನ ಕಾಯಲು ಹೋಗಿ ಸತ್ತವನ ಹೆಸರನ್ನೂ ಕಲ್ಲಿನಲ್ಲಿ ಕೊರೆಸಿದ ನಾಡಿನವರಿಗೆ ಇದು ನೋಯಿಸುವ ಸಂಗತಿಯೇ. ಪಂಜಾಬ್ ಸರ್ಕಾರ ಯುದ್ಧ ಮುಗಿದ ಮೇಲೆ ಹಳ್ಳಿ ಹಳ್ಳಿಯ ಲೆಕ್ಕ ಬರೆಸಿತ್ತು. ಲಾಹೋರ್ ಮ್ಯೂಸಿಯಮ್ಮಿನಲ್ಲಿ ಉಳಿದ ಆ ಪುಸ್ತಕಗಳಲ್ಲಿ ಸುಮಾರು 3,20,000 ಹೆಸರುಗಳಿವೆ. ಹಳ್ಳಿವಾರು ಬರೆದದ್ದರಿಂದ ಇಂಗ್ಲೆಂಡಿನಲ್ಲಿರುವ ಮೊಮ್ಮಕ್ಕಳು ಈಗ ತಾತನ ಹೆಸರನ್ನು ಹುಡುಕಿಕೊಳ್ಳುತ್ತಿದ್ದಾರೆ.

ಸ್ವತಂತ್ರ ಭಾರತದ ಸೈನಿಕನ ದಾಖಲೆ ಇರುವುದು ಅವನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ಎಂಜಿನಿಯರ್ ಗ್ರೂಪಿನವನಾದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫ್ಯಾಂಟ್ರಿಯಾದರೆ ಬೆಳಗಾವಿ, ಆರ್ಟಿಲರಿಯಾದರೆ ನಾಸಿಕ್, ಸಿಗ್ನಲ್ಸ್ ಆದರೆ ಜಬಲ್ಪುರ. ಬಡ್ತಿ, ಮದುವೆ, ಗಾಯ, ಪದಕ, ಯಾವುದೇ ಇರಲಿ, ಅದು ಪಾರ್ಟ್ ಟೂ ಆರ್ಡರ್ ಎಂಬ ಸೈನ್ಯದ ಆದೇಶಪತ್ರದಲ್ಲಿ ಪ್ರಕಟವಾಗಿ ರೆಕಾರ್ಡಿಗೆ ಏರಬೇಕು. ನಿವೃತ್ತಿಯ ದಿನ ಕೈಗೆ ಬರುವ ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳಿಗೆಂದೇ ಜಾಗವಿದೆ. ಅಲ್ಲಿ ಇಲ್ಲದ್ದು ಸರ್ಕಾರದ ಕಣ್ಣಿಗೆ ನಡೆದೇ ಇಲ್ಲ.

1965ರ ಯುದ್ಧಕ್ಕೆ ರಣಭೂಮಿಯಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್, ಆಗ ಸೇವೆಯಲ್ಲಿದ್ದ ಉಳಿದವರಿಗೂ ರಕ್ಷಾ ಮೆಡಲ್. 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್. ಯೂನಿಟ್ಟು ಒಂದು ಗಡಿಯಿಂದ ಇನ್ನೊಂದಕ್ಕೆ ಹೋದಾಗ, ಸೈನಿಕ ಆಸ್ಪತ್ರೆಯಲ್ಲೋ ಬೇರೆ ಯೂನಿಟ್ಟಿನ ಜೊತೆಗೋ ಇದ್ದಾಗ, ಹೆಸರಿನ ಇನಿಷಿಯಲ್ಲು ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಬಿದ್ದಾಗ, ಇಂಥ ಪದಕ ರೆಕಾರ್ಡಿಗೆ ಏರದೆ ಉಳಿಯಬಹುದು. ಕನ್ನಡದ ಹೆಸರುಗಳಿಗೆ ಈ ಕೊನೆಯ ತೊಂದರೆ ಹೆಚ್ಚು. ಊರು, ತಂದೆ, ಸ್ವಂತ ಹೆಸರು ಎಂಬ ನಮ್ಮ ಕ್ರಮ, ಅಡ್ಡಹೆಸರು ಕೇಳುವ ಉತ್ತರದ ಫಾರಂಗೆ ಹೊಂದುವುದಿಲ್ಲ.

ಪದಕ ಸಿಗುವುದು ತಡವಾದಾಗ ಎಷ್ಟೋ ಜನ ಕಂಟೋನ್ಮೆಂಟಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡು ಪರೇಡಿಗೆ ಹಾಕಿಕೊಂಡರು. ನೋಡಲು ಎರಡೂ ಒಂದೇ. ಆದರೆ ಸರ್ಕಾರ ಕೊಟ್ಟದ್ದನ್ನು ಅಡ್ಡ ಹಿಡಿದರೆ ಅಂಚಿನಲ್ಲಿ ಸಣ್ಣಕ್ಷರದ ಸಾಲು ಕಾಣುತ್ತದೆ: ನಂಬರು, ದರ್ಜೆ, ಹೆಸರು, ರೆಜಿಮೆಂಟು. ಅಂಗಡಿಯದರ ಅಂಚು ಬೋಳು. ಈ ಸಾಲಿಗೆ ಮಾಸಾಶನ ಬರುವುದಿಲ್ಲ. ಮಹಾವೀರ ಚಕ್ರದಂಥ ಶೌರ್ಯ ಪ್ರಶಸ್ತಿಗೆ ಭತ್ಯೆ ಉಂಟು, ಸೇವಾ ಪದಕಕ್ಕೆ ಇಲ್ಲ. ಆದರೂ ಎಂಬತ್ತು ದಾಟಿದವರು ಪದಕಕ್ಕಾಗಿ ಅರ್ಜಿ ಹಾಕುತ್ತಾರೆಂದರೆ ಅವರಿಗೆ ಬೇಕಿರುವುದು ಆ ಸಾಲೇ.

ಅಮೆರಿಕದಲ್ಲಿ ಇದಕ್ಕೆಂದೇ ದಾಖಲೆ ತಿದ್ದುವ ಮಂಡಳಿಗಳಿವೆ, 1946ರ ಕಾನೂನಿನಿಂದ ಬಂದವು. ಆದರೆ 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 160ರಿಂದ 180 ಲಕ್ಷ ಕಡತ ಸುಟ್ಟವು. ಅಂದಿನಿಂದ ಅಲ್ಲಿಯವರೂ ಮನೆಯ ಟ್ರಂಕಿನಲ್ಲಿದ್ದ ಕಾಗದ ತಂದು ತಾವು ಸೈನಿಕರಾಗಿದ್ದೆವೆಂದು ತೋರಿಸಬೇಕಾಗಿದೆ. ನಮ್ಮಲ್ಲಿ ಮೊದಲ ಅರ್ಜಿ ರೆಕಾರ್ಡ್ ಆಫೀಸಿಗೇ ಹೋಗಬೇಕು, ಸೈನಿಕ ಕಲ್ಯಾಣ ಇಲಾಖೆ ಅದನ್ನು ಬರೆಯಲು ನೆರವಾಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ 2007ರ ಕಾಯಿದೆಯಿಂದ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಆ ಮಂಡಳಿ 2010ರಲ್ಲಿ ಕಾರ್ಗಿಲ್ ಕದನದ ಬ್ರಿಗೇಡಿಯರ್ ದೇವಿಂದರ್ ಸಿಂಗ್ ಅವರ ವಿರುದ್ಧ ಮೇಲಧಿಕಾರಿ ಬರೆದಿದ್ದ ವರದಿಯನ್ನು ತೆಗೆದುಹಾಕಿ, ಅವರ ಪಾತ್ರದ ದಾಖಲೆಯನ್ನು ಸರಿಪಡಿಸಲು ಹೇಳಿತು. ಬ್ರಿಗೇಡಿಯರಿಗೆ ಹತ್ತು ವರ್ಷದ ಮೇಲೆ ಸಿಕ್ಕ ನ್ಯಾಯ, ಸಿಪಾಯಿಗೆ ಸುಲಭವಾಗಿ ಕೈಗೆಟಕಬೇಕು.

1971ರ ಡಿಸೆಂಬರಿನಲ್ಲಿ ಹದಿನೆಂಟು ತುಂಬಿದ್ದ ಹುಡುಗನಿಗೂ ಈಗ ಎಪ್ಪತ್ತು ದಾಟಿದೆ. 1965ರವರು ಇನ್ನೂ ಹಿರಿಯರು. ಜೊತೆಯಲ್ಲಿ ಕಂದಕದಲ್ಲಿದ್ದ ಗೆಳೆಯ ಬದುಕಿರುವಾಗ ಅವನಿಂದ ಅಫಿಡವಿಟ್ ಪಡೆಯಬಹುದು, ಆಮೇಲೆ ಆಗುವುದಿಲ್ಲ. ಮನೆಯಲ್ಲಿ ಹಳೆಯ ಡಿಸ್ಚಾರ್ಜ್ ಬುಕ್ಕು, ಯೂನಿಟ್ಟಿನಿಂದ ಬಂದ ಪತ್ರ, ಆಸ್ಪತ್ರೆಯ ಚೀಟಿ, ಹಿಂಬದಿಯಲ್ಲಿ ತಾರೀಕು ಬರೆದ ಗುಂಪು ಫೋಟೊ ಇದ್ದರೆ ಮಕ್ಕಳು ಈಗಲೇ ನಕಲು ತೆಗೆದಿಡಬೇಕು. ಅರ್ಜಿಯಲ್ಲಿ ಸೈನ್ಯದ ನಂಬರನ್ನೂ, ಯೂನಿಟ್ಟನ್ನೂ, ಸೇರಿದ ಮತ್ತು ಬಿಟ್ಟ ತಾರೀಕನ್ನೂ ಬುಕ್ಕಿನಲ್ಲಿ ಇದ್ದ ಹಾಗೆಯೇ ಬರೆಯಬೇಕು, ಹೆಸರಿನ ಒಂದು ಅಕ್ಷರವನ್ನೂ ತಾವೇ ತಿದ್ದಬಾರದು. ಗಂಡ ತೀರಿಹೋಗಿದ್ದರೆ ಹೆಂಡತಿ ಅರ್ಜಿ ಹಾಕಬಹುದು.